ಮೆಣಸಿನ ಕರಾವಳಿಯಿಂದ ಕಂಡ ಪಶ್ಚಿಮದ ವಿಚಾರ

ಪಾಶ್ಚಾತ್ಯ ವಿಚಾರದ ಬೆಳವಣಿಗೆ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವವು ದೂರದ ಊರುಗಳು: ಅಥೆನ್ಸು, ರೋಮು, ಪ್ಯಾರಿಸ್ಸು, ವಿಟನ್‌ಬರ್ಗು. ಸಾಕ್ರೆಟೀಸನಿಂದ ಲೂಥರನವರೆಗಿನ ಸುಮಾರು ಎರಡು ಸಾವಿರ ವರ್ಷಗಳ ಕಥೆ ಅಲ್ಲಿಯೇ ಹುಟ್ಟಿ, ಅಲ್ಲಿಯೇ ಬೆಳೆದು, ಬಹಳ ತಡವಾಗಿ ಇಂಗ್ಲಿಷ್ ಶಾಲೆಗಳ ಮೂಲಕ ನಮ್ಮ ಬಾಗಿಲಿಗೆ ಬಂದಿತೆಂದು ನಾವು ಭಾವಿಸುತ್ತೇವೆ. ಇದು ಅರ್ಧ ಸತ್ಯ. ಆ ಎರಡು ಸಾವಿರ ವರ್ಷಗಳಲ್ಲಿ ಪಶ್ಚಿಮದ ಅಡಿಗೆಮನೆಗೂ ಔಷಧದ ಅಂಗಡಿಗೂ ಮೆಣಸನ್ನು ಕಳಿಸಿದ್ದು ಭಾರತದ ಪಶ್ಚಿಮ ಕರಾವಳಿ. ಅದರಲ್ಲಿ ಭಟ್ಕಳ, ಹೊನ್ನಾವರ, ಕುಮಟೆಯ ಬಳಿಯ ಮಿರ್ಜಾನುಗಳ ಪಾಲೂ ಉಂಟು. ಮೆಣಸು ಹೋದ ದಾರಿಯಲ್ಲಿಯೇ ಜನ ಬಂದರು. ಬಂದವರು ತಮ್ಮ ತಮ್ಮ ಕಾಲದ ವಿಚಾರವನ್ನೂ ಹೊತ್ತು ತಂದರು. ಶರಾವತಿಯ ಅಳಿವೆಯಲ್ಲಿ ನಿಂತು ನೋಡಿದರೆ ಪಶ್ಚಿಮದ ವಿಚಾರದ ಒಂದೊಂದು ಘಟ್ಟವೂ ಒಂದೊಂದು ಹಡಗಿನಂತೆ ಎದುರಿಗೆ ಹಾದುಹೋಗುತ್ತದೆ.

ಈ ಹಡಗುಗಳನ್ನು ಗುರುತಿಸಲು ನಮಗೊಂದು ಅಳತೆಗೋಲು ಬೇಕು. ಅದು ನಮ್ಮ ಶಾಸ್ತ್ರಕಾರರಲ್ಲಿಯೇ ಇದೆ. ಯಾವುದನ್ನು ನಿಜವೆಂದು ಒಪ್ಪಬೇಕು, ಏಕೆ ಒಪ್ಪಬೇಕು ಎಂಬ ಪ್ರಶ್ನೆಗೆ ಅವರು ಪ್ರಮಾಣವಿಚಾರವೆಂದು ಹೆಸರಿಟ್ಟರು. ಕಣ್ಣಿಗೆ ಕಂಡದ್ದು ಪ್ರತ್ಯಕ್ಷ. ಕಂಡದ್ದರಿಂದ ಊಹಿಸಿದ್ದು ಅನುಮಾನ. ನಂಬಿಕೆಗೆ ಅರ್ಹರಾದವರು ಹೇಳಿದ್ದು ಶಬ್ದ. ಪಶ್ಚಿಮದ ವಿಚಾರದ ಇತಿಹಾಸವೂ ಬಹುಮಟ್ಟಿಗೆ ಈ ಮೂರರ ನಡುವಿನ ಜಗ್ಗಾಟದ ಇತಿಹಾಸವೇ.

ಗ್ರೀಕರ ದೊಡ್ಡತನವಿರುವುದು ಅವರು ಅನುಮಾನಕ್ಕೆ, ಎಂದರೆ ತರ್ಕಕ್ಕೆ, ಕೊಟ್ಟ ಪಟ್ಟದಲ್ಲಿ. ಹಿರಿಯರು ಹೇಳಿದರೆಂಬ ಕಾರಣಕ್ಕೆ ಯಾವುದನ್ನೂ ಒಪ್ಪದೆ, ಸಂತೆಯ ಬೀದಿಯಲ್ಲಿ ಎದುರಾದವರನ್ನೆಲ್ಲ ಪ್ರಶ್ನಿಸಿದ ಸಾಕ್ರೆಟೀಸನು ಕ್ರಿ. ಪೂ. ೩೯೯ರಲ್ಲಿ ವಿಷ ಕುಡಿಯಬೇಕಾಯಿತು. ಅವನ ಶಿಷ್ಯ ಪ್ಲೇಟೊ ಕಣ್ಣಿಗೆ ಕಾಣುವ ಲೋಕದ ಹಿಂದೆ ಮಾರ್ಪಡದ ತತ್ತ್ವಗಳ ಲೋಕವನ್ನು ಕಂಡನು. ಪ್ಲೇಟೊವಿನ ಶಿಷ್ಯ ಅರಿಸ್ಟಾಟಲನು (ಕ್ರಿ. ಪೂ. ೩೮೪-೩೨೨) ಮೀನು, ಜೇನು, ರಾಜ್ಯಾಂಗ, ನಾಟಕ, ನಕ್ಷತ್ರ ಎಲ್ಲವನ್ನೂ ಪರಿಶೀಲಿಸಿ ವಿಂಗಡಿಸಿದನು, ತರ್ಕಕ್ಕೇ ಒಂದು ಶಾಸ್ತ್ರ ಬರೆದನು. ಆದರೆ ವಿಚಾರದ ಚರಿತ್ರೆಯಲ್ಲಿ ಒಂದು ವಿಚಿತ್ರ ನಿಯಮವಿದೆ. ಪ್ರಶ್ನೆ ಕೇಳಲು ಕಲಿಸಿದವನ ಮಾತನ್ನೇ ಮುಂದಿನವರು ಪ್ರಶ್ನೆಯಿಲ್ಲದೆ ಒಪ್ಪತೊಡಗುತ್ತಾರೆ. ಅರಿಸ್ಟಾಟಲನಿಗೂ ಹಾಗೆಯೇ ಆಯಿತು. ಭೂಮಧ್ಯದ ಉಷ್ಣವಲಯದಲ್ಲಿ ಬಿಸಿಲಿನ ತಾಪಕ್ಕೆ ಮನುಷ್ಯ ವಾಸ ಸಾಧ್ಯವಿಲ್ಲವೆಂದು ಅವನು ಊಹಿಸಿದ್ದನ್ನು ನೂರಾರು ವರ್ಷ ಪಂಡಿತರು ಗಿಣಿಪಾಠದಂತೆ ಒಪ್ಪಿಸಿದರು.

ಗ್ರೀಕರ ವಿದ್ಯೆಗೆ ರೋಮನರು ವಾರಸುದಾರರಾದಾಗ ನಮ್ಮ ಕರಾವಳಿ ಕಥೆಯೊಳಗೆ ಪ್ರವೇಶಿಸುತ್ತದೆ. ಕ್ರಿ. ಶ. ಒಂದನೆಯ ಶತಮಾನದ ಮಧ್ಯಭಾಗದಲ್ಲಿ ಈಜಿಪ್ಟಿನ ಗ್ರೀಕ್ ವ್ಯಾಪಾರಿಯೊಬ್ಬನು ಬರೆದ ‘ಪೆರಿಪ್ಲಸ್’ ಎಂಬ ಸಮುದ್ರದ ಕೈಪಿಡಿಯಲ್ಲಿ ‘ನೌರಾ’ ಎಂಬ ಬಂದರಿನ ಹೆಸರಿದೆ. ಅದು ಹೊನ್ನಾವರವೆಂದು ಕೆಲವು ವಿದ್ವಾಂಸರೂ, ಕಣ್ಣಾನೂರೆಂದು ಇನ್ನು ಕೆಲವರೂ ಹೇಳಿದ್ದಾರೆ. ಹೆಸರಿನ ಜಗಳ ಹೇಗೂ ಇರಲಿ, ಮೆಣಸಿನ ವಿಷಯದಲ್ಲಿ ಜಗಳವಿಲ್ಲ. ಭಾರತದ ಸರಕುಗಳಿಗಾಗಿ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯ ರೋಮಿನಿಂದ ಹರಿದುಹೋಗುತ್ತಿದೆಯೆಂದು ಪ್ಲಿನಿ ಪಂಡಿತನು ಕೊರಗಿದನು. ಕ್ರಿ. ಶ. ೪೦೮ರಲ್ಲಿ ಗಾಥರ ಅರಸ ಅಲರಿಕನು ರೋಮಿಗೆ ಮುತ್ತಿಗೆ ಹಾಕಿದಾಗ, ಊರನ್ನು ಬಿಟ್ಟುಹೋಗಲು ಕೇಳಿದ ದಂಡದಲ್ಲಿ ಚಿನ್ನ ಬೆಳ್ಳಿಯ ಜೊತೆಗೆ ೩,೦೦೦ ಪೌಂಡು ಮೆಣಸೂ ಸೇರಿತ್ತು! ಎರಡು ವರ್ಷದ ಮೇಲೆ ಅದೇ ಅಲರಿಕನು ರೋಮನ್ನು ಸೂರೆಗೊಂಡನು. ಆ ಆಘಾತದಿಂದ ಹುಟ್ಟಿದ್ದೇ ಸಂತ ಅಗಸ್ಟೀನನ ‘ದೇವನಗರ’ವೆಂಬ ಮಹಾಗ್ರಂಥ. ಮನುಷ್ಯರು ಕಟ್ಟಿದ ನಗರ ಬೀಳುತ್ತದೆ, ದೇವರ ನಗರ ಬೀಳದು ಎಂಬುದು ಅದರ ತಿರುಳು. ಇಲ್ಲಿಂದ ಮುಂದೆ ಯೂರೋಪಿನಲ್ಲಿ ತರ್ಕವು ಶ್ರದ್ಧೆಯ ಮನೆಯಲ್ಲಿ ಊಳಿಗಕ್ಕೆ ನಿಂತಿತು. ೫೨೯ರಲ್ಲಿ ಜಸ್ಟೀನಿಯನ್ ಚಕ್ರವರ್ತಿಯು ಅಥೆನ್ಸಿನ ತತ್ತ್ವಶಾಲೆಯ ಬಾಗಿಲು ಮುಚ್ಚಿಸಿದನು.

ಹಾಗಾದರೆ ಗ್ರೀಕರ ವಿದ್ಯೆ ಉಳಿದದ್ದೆಲ್ಲಿ? ಸ್ವಲ್ಪ ಬೈಜಾಂಟಿಯಮ್ಮಿನ ಪುಸ್ತಕಭಂಡಾರಗಳಲ್ಲಿ, ಸ್ವಲ್ಪ ಕ್ರೈಸ್ತ ಮಠಗಳಲ್ಲಿ. ಬಹುಭಾಗ ಅರಬ್ಬೀ ಭಾಷೆಯಲ್ಲಿ. ಬಾಗ್ದಾದಿನ ಖಲೀಫರ ಆಶ್ರಯದಲ್ಲಿ ಅರಿಸ್ಟಾಟಲ್, ಗೇಲೆನ್, ಟಾಲೆಮಿಯರ ಗ್ರಂಥಗಳು ಅರಬ್ಬಿಗೆ ಇಳಿದವು. ಇಬ್ನ್ ಸೀನಾ (೯೮೦-೧೦೩೭) ಅವುಗಳ ಮೇಲೆ ತನ್ನ ಸ್ವಂತ ದರ್ಶನವನ್ನು ಕಟ್ಟಿದನು. ಸ್ಪೇನಿನ ಕಾರ್ಡೋವ ನಗರದ ಇಬ್ನ್ ರುಷ್ದ್ (೧೧೨೬-೧೧೯೮) ಅರಿಸ್ಟಾಟಲನಿಗೆ ಬರೆದ ವ್ಯಾಖ್ಯಾನ ಎಷ್ಟು ಪ್ರಸಿದ್ಧವಾಯಿತೆಂದರೆ, ಮುಂದೆ ಯೂರೋಪಿನ ವಿದ್ಯಾಪೀಠಗಳಲ್ಲಿ ‘ವ್ಯಾಖ್ಯಾನಕಾರ’ ಎಂದರೆ ಅವನೊಬ್ಬನೇ ಎಂಬಂತಾಯಿತು.

ಇದೇ ಅರಬ್ಬೀ ಲೋಕದ ಪಶ್ಚಿಮದ ತುದಿಯಾದ ಟ್ಯಾಂಜಿಯರಿನಿಂದ ಹೊರಟ ಇಬ್ನ್ ಬತೂತನು ೧೩೪೨ರಲ್ಲಿ ಹೊನ್ನಾವರಕ್ಕೆ ಬಂದನು. ಅವನು ತತ್ತ್ವಜ್ಞಾನಿಯಲ್ಲ, ಧರ್ಮಶಾಸ್ತ್ರ ಬಲ್ಲ ಕಾಜಿ. ಆದರೆ ಎಣಿಸಿ ನೋಡಿ ಬರೆಯುವ ಅಭ್ಯಾಸ ಅವನಿಗಿತ್ತು. ಜಮಾಲುದ್ದೀನನೆಂಬ ಸುಲ್ತಾನನ ಆಳ್ವಿಕೆಯಲ್ಲಿದ್ದ ಈ ಊರಿನಲ್ಲಿ ಹುಡುಗಿಯರಿಗೆ ೧೩, ಹುಡುಗರಿಗೆ ೨೩ ಪಾಠಶಾಲೆಗಳಿರುವುದನ್ನು ಕಂಡು, ಹುಡುಗಿಯರಿಗೆ ಇಷ್ಟು ಶಾಲೆಗಳನ್ನು ಬೇರೆಲ್ಲಿಯೂ ತಾನು ನೋಡಲಿಲ್ಲವೆಂದು ಬೆರಗುಪಟ್ಟನು. ಇಲ್ಲಿಯ ಹೆಂಗಸರಿಗೆ ಕುರಾನು ಕಂಠಪಾಠವಾಗಿತ್ತೆಂದೂ ಬರೆದನು. ಸುಲ್ತಾನನ ಮನೆಯ ಊಟವನ್ನೂ ಅವನು ಮರೆತಿಲ್ಲ: ಅನ್ನ, ಅದರ ಮೇಲೆ ತುಪ್ಪ, ಜೊತೆಗೆ ಉಪ್ಪಿಗೆ ಹಾಕಿದ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಮೆಣಸಿನ ಗೊಂಚಲನ್ನು ಉಪ್ಪಿನಕಾಯಿ ಹಾಕುವ ಮನೆಗಳು ಈ ಸೀಮೆಯಲ್ಲಿ ಈಗಲೂ ಇವೆ.

ಇದೇ ಸಮಯಕ್ಕೆ ಯೂರೋಪಿನಲ್ಲಿ ಅರಬ್ಬಿಯಿಂದ ಲ್ಯಾಟಿನಿಗೆ ತಿರುಗಿ ಬಂದ ಅರಿಸ್ಟಾಟಲನು ವಿದ್ಯಾಪೀಠಗಳನ್ನು ಆಳುತ್ತಿದ್ದನು. ತಾಮಸ್ ಅಕ್ವಿನಾಸನು (೧೨೨೫-೧೨೭೪) ತರ್ಕಕ್ಕೂ ಶ್ರದ್ಧೆಗೂ ವಿರೋಧವಿಲ್ಲ, ಒಂದೇ ಸತ್ಯಕ್ಕೆ ಎರಡು ದಾರಿಗಳೆಂದು ಸಮನ್ವಯ ಮಾಡಿದನು. ಅದೊಂದು ಭವ್ಯವಾದ ಕಟ್ಟಡ. ಆದರೆ ಅದರ ಎರಡು ಕಂಬಗಳೂ ಶಬ್ದಪ್ರಮಾಣದವೇ: ಒಂದು ಚರ್ಚಿನ ಮಾತು, ಇನ್ನೊಂದು ಅರಿಸ್ಟಾಟಲನ ಮಾತು. ಪ್ರತ್ಯಕ್ಷಕ್ಕೆ ಜಗುಲಿಯ ಮೇಲಷ್ಟೆ ಸ್ಥಾನ.

ಆ ಕಟ್ಟಡದಲ್ಲಿ ಬಿರುಕು ಕಾಣಿಸಿದ್ದು ಹದಿನೈದನೆಯ ಶತಮಾನದಲ್ಲಿ. ಇಟಲಿಯ ಪಂಡಿತರು ಹಳೆಯ ಗ್ರಂಥಗಳನ್ನು ಹುಡುಕಿ, ಪಾಠಗಳನ್ನು ಒಂದಕ್ಕೊಂದು ಹೋಲಿಸಿ ಓದತೊಡಗಿದರು. ಪೋಪರ ರಾಜ್ಯಾಧಿಕಾರಕ್ಕೆ ಆಧಾರವೆಂದು ತೋರಿಸುತ್ತಿದ್ದ ಕಾನ್‌ಸ್ಟಂಟೀನ್ ಚಕ್ರವರ್ತಿಯ ದಾನಪತ್ರವು ಖೋಟಾ ಎಂದು ಲೊರೆಂಜೊ ವಲ್ಲನು ೧೪೪೦ರಲ್ಲಿ ಸಿದ್ಧಪಡಿಸಿದನು. ಅವನು ಹಿಡಿದ ಸಾಕ್ಷಿ ಭಾಷೆಯದು. ಆ ಪತ್ರದ ಲ್ಯಾಟಿನ್ ನುಡಿ ಕಾನ್‌ಸ್ಟಂಟೀನನ ಕಾಲದ್ದಲ್ಲ. ನಮ್ಮಲ್ಲಿ ತಾಮ್ರಶಾಸನದ ಲಿಪಿ ನೋಡಿ ಕೂಟಶಾಸನವನ್ನು ಪತ್ತೆಹಚ್ಚುವ ವಿದ್ವಾಂಸರ ಕ್ರಮವೇ ಇದು. ೧೪೫೫ರ ಸುಮಾರಿಗೆ ಗೂಟನ್‌ಬರ್ಗನ ಅಚ್ಚಿನ ಮೊಳೆ ಬಂದು, ಇಂಥ ವಾದಗಳಿಗೆ ರೆಕ್ಕೆ ಮೂಡಿತು.

ಎರಡನೆಯ ಬಿರುಕು ಬಿಟ್ಟದ್ದು ನಮ್ಮ ಸಮುದ್ರದಲ್ಲಿ. ೧೪೮೨ರಲ್ಲಿ ಜರ್ಮನಿಯ ಉಲ್ಮ್ ನಗರದಲ್ಲಿ ಅಚ್ಚಾದ ಟಾಲೆಮಿಯ ಭೂಗೋಳದಲ್ಲಿ ಹಿಂದೂ ಮಹಾಸಾಗರವು ಸುತ್ತಲೂ ನೆಲದಿಂದ ಮುಚ್ಚಿದ ಒಂದು ಕೆರೆ! ೧೩೦೦ ವರ್ಷ ಹಳೆಯ ಆ ಮಾತು ಇನ್ನೂ ಪ್ರಮಾಣವಾಗಿತ್ತು. ೧೪೯೮ರಲ್ಲಿ ವಾಸ್ಕೊ ಡ ಗಾಮನು ಆಫ್ರಿಕವನ್ನು ಸುತ್ತಿ ಬಂದು, ಹಿಂದಿರುಗುವಾಗ ಕಾರವಾರದ ಬಳಿಯ ಅಂಜದೀವದಲ್ಲಿ ಹಡಗು ನಿಲ್ಲಿಸಿದಾಗ ಆ ಕೆರೆಯ ಏರಿ ಒಡೆಯಿತು. ಜನ ಬಾಳಲಾರರೆಂದು ಅರಿಸ್ಟಾಟಲನು ಹೇಳಿದ್ದ ಉಷ್ಣವಲಯದಲ್ಲಿ ತುಂಬಿದ ಊರುಗಳಿದ್ದವು. ಅರಬ್ಬೀ ನಾವಿಕರಿಗೂ ನಮ್ಮ ಕರಾವಳಿಯವರಿಗೂ ಇದರಲ್ಲಿ ಹೊಸದೇನೂ ಇಲ್ಲ. ಹೊಸದಾದದ್ದು ಯೂರೋಪಿಗೆ. ಅಕ್ಷರ ಬಾರದ ಒಬ್ಬ ನಾವಿಕನು ಟಾಲೆಮಿಗಿಂತ ಹೆಚ್ಚು ಬಲ್ಲವನಾಗಬಹುದೆಂಬ ಅರಿವು ಪಂಡಿತರ ನಿದ್ದೆ ಕೆಡಿಸಿತು.

ಆದರೆ ಬಂದವರು ಜ್ಞಾನಕ್ಕಾಗಿ ಬರಲಿಲ್ಲ. ಅವರ ಕೈಯಲ್ಲಿ ಪೋಪರ ಆಜ್ಞಾಪತ್ರಗಳಿದ್ದವು; ಪೂರ್ವದ ಸಮುದ್ರ ತಮ್ಮದೆಂದು ಪೋರ್ತುಗಾಲದ ದೊರೆ ಅವುಗಳ ಬಲದಿಂದ ಸಾಧಿಸಿದನು. ಅಕ್ಕಿ, ಸಕ್ಕರೆ, ಕಬ್ಬಿಣ, ಮೆಣಸು, ಅಳಲೆಕಾಯಿಗಳನ್ನು ಹೊರಗೆ ಕಳಿಸಿ, ವಿಜಯನಗರಕ್ಕೆ ಬೇಕಾದ ಅರಬ್ಬೀ ಕುದುರೆಗಳನ್ನು ಇಳಿಸಿಕೊಳ್ಳುತ್ತಿದ್ದ ಭಟ್ಕಳದ ಮೇಲೆ ೧೫೦೨ರಲ್ಲಿ ಗಾಮನ ಎರಡನೆಯ ನೌಕಾಪಡೆ ಎರಗಿತು. ನಾವಿಕರಿಗೆ ೧,೦೦೦ ಹೇರು ಸಾಮಾನ್ಯ ಅಕ್ಕಿ, ಕಪ್ತಾನರಿಗೆ ೫೦೦ ಹೇರು ಒಳ್ಳೆಯ ಅಕ್ಕಿ ಎಂದು ವರ್ಷದ ಕಪ್ಪ ಗೊತ್ತಾದುದನ್ನು ಪೋರ್ತುಗೀಜರ ವೃತ್ತಾಂತಗಳು ಹೇಳುತ್ತವೆ. ಮೆಣಸಿನ ವ್ಯಾಪಾರ ಇತರರಿಗೆ ಕೂಡದು ಎಂಬುದೂ ಕರಾರಿನಲ್ಲಿತ್ತು. ಅಂದಿನಿಂದ ತಮ್ಮದೇ ಸಮುದ್ರದಲ್ಲಿ ಹಾಯಿ ಬಿಚ್ಚಲು ಈ ಕರಾವಳಿಯ ವರ್ತಕರು ‘ಕಾರ್ತಾಜ್’ ಎಂಬ ಪೋರ್ತುಗೀಜ್ ರಹದಾರಿ ಪಡೆಯಬೇಕಾಯಿತು.

ಇಲ್ಲಿಂದ ಕಥೆ ಎಳೆಯುವ ದಾರ ಕುತೂಹಲಕರವಾದುದು. ೧೫೦೫ರ ಅಕ್ಟೋಬರಿನಲ್ಲಿ ಮೊದಲನೆಯ ವೈಸರಾಯ್ ಫ್ರಾನ್ಸಿಸ್ಕೊ ಡ ಅಲ್ಮೇಡನ ಪಡೆ ಹೊನ್ನಾವರದ ಅಳಿವೆಯೊಳಕ್ಕೆ ನುಗ್ಗಿ ಅಲ್ಲಿದ್ದ ಹಡಗುಗಳಿಗೆ ಬೆಂಕಿ ಹಚ್ಚಿತು. ಸಂಧಿಯ ಮಾತಿಗೆ ಮುಂದೆ ಬಂದವನು ನಮ್ಮ ಇತಿಹಾಸದಲ್ಲಿ ಪ್ರಸಿದ್ಧನಾದ ತಿಮ್ಮೋಜ. ಐದು ವರ್ಷದ ತರುವಾಯ ಗೋವೆಯ ಮೇಲೆ ಹೋಗಲು ಅಲ್ಬುಕರ್ಕನಿಗೆ ದಾರಿ ತೋರಿಸಿದವನೂ ಅವನೇ. ಹೊನ್ನಾವರವನ್ನು ಸುಟ್ಟ ಆ ಪಡೆಗೆ ಬಂಡವಾಳ ಹಾಕಿದವರಲ್ಲಿ ಪೋರ್ತುಗಾಲದ ದೊರೆ ಒಬ್ಬನೇ ಇರಲಿಲ್ಲ. ದಕ್ಷಿಣ ಜರ್ಮನಿಯ ಸಾಹುಕಾರರು ೩೬,೦೦೦ ಕ್ರುಜಾದೊ ನಾಣ್ಯ ಹೂಡಿ, ಅದರಲ್ಲಿ ಮೂರು ಹಡಗುಗಳನ್ನು ಸಜ್ಜುಗೊಳಿಸಿದ್ದರು. ವೆಲ್ಸರರದು ೨೦,೦೦೦, ಆಗ್ಸ್‌ಬರ್ಗಿನ ಫುಗ್ಗರರದು ೪,೦೦೦. ವೆಲ್ಸರರ ಕಡೆಯವನಾಗಿ ಜೊತೆಯಲ್ಲಿ ಬಂದ ಬಾಲ್ತಸಾರ್ ಸ್ಪ್ರೆಂಗರನು ಊರಿಗೆ ಮರಳಿ ೧೫೦೯ರಲ್ಲಿ ತನ್ನ ಪ್ರಯಾಣವನ್ನು ಜರ್ಮನ್ ಭಾಷೆಯಲ್ಲಿ ಅಚ್ಚು ಹಾಕಿಸಿದನು.

ಈ ಫುಗ್ಗರರು ಯಾರು? ಅರಸರಿಗೂ ಪೋಪರಿಗೂ ಸಾಲ ಕೊಡುತ್ತಿದ್ದ ಮಹಾಸಾಹುಕಾರರು. ೧೫೧೪ರಲ್ಲಿ ಆಲ್ಬ್ರೆಖ್ಟ್ ಎಂಬ ರಾಜವಂಶದ ಯುವಕನು ಮೈಂಜಿನ ಪೀಠಾಧಿಪತಿಯಾಗಲು ರೋಮಿಗೆ ತೆರಬೇಕಾದ ಹಣವನ್ನು ಫುಗ್ಗರರಿಂದ ಎತ್ತಿದನು. ಆ ಸಾಲ ತೀರಿಸಲು ಅವನಿಗೆ ಪಾಪದ ದಂಡವನ್ನು ಮನ್ನಾ ಮಾಡುವ ಚೀಟಿಗಳನ್ನು ಜನರಿಗೆ ಮಾರಿಸಲು ಪೋಪರ ಅಪ್ಪಣೆ ದೊರೆಯಿತು. ಬಂದ ಹಣದಲ್ಲಿ ಅರ್ಧ ರೋಮಿನ ಸಂತ ಪೇತ್ರನ ದೇವಾಲಯಕ್ಕೆ, ಅರ್ಧ ಫುಗ್ಗರರಿಗೆ. ಚೀಟಿ ಮಾರುವ ಪಾದ್ರಿಯ ಹಿಂದೆಯೇ ಫುಗ್ಗರರ ಗುಮಾಸ್ತನೂ ಲೆಕ್ಕ ಬರೆಯಲು ಹೋಗುತ್ತಿದ್ದನು. ಇದನ್ನು ತಡೆಯಲಾರದೆ ವಿಟನ್‌ಬರ್ಗಿನ ಅಧ್ಯಾಪಕ, ಸನ್ಯಾಸಿ ಮಾರ್ಟಿನ್ ಲೂಥರನು ೧೫೧೭ರ ಅಕ್ಟೋಬರ್ ೩೧ರಂದು ೯೫ ವಾದಸೂತ್ರಗಳನ್ನು ಹೊರಡಿಸಿದನು.

ಹೊನ್ನಾವರದ ಮೆಣಸಿನ ಲಾಭದಿಂದಲೇ ಮತಸುಧಾರಣೆ ಹುಟ್ಟಿತೆಂದು ಹೇಳಿದರೆ ಅದು ಅತಿರೇಕವಾದೀತು. ಆದರೆ ೧೫೦೫ರಲ್ಲಿ ಈ ಅಳಿವೆಗೆ ಬಂದ ಹಡಗುಗಳ ಲೆಕ್ಕವೂ, ೧೫೧೭ರಲ್ಲಿ ಜರ್ಮನಿಯ ಸಂತೆಗಳಲ್ಲಿ ಮಾರಾಟವಾದ ಪಾಪವಿಮೋಚನೆಯ ಲೆಕ್ಕವೂ ಒಂದೇ ಮನೆಯ ಖಾತೆಪುಸ್ತಕಗಳಲ್ಲಿ ಸೇರಿದ್ದವೆಂಬುದು ನಿಜ. ಲೂಥರನಿಗೂ ಈ ಸಂಬಂಧದ ಅರಿವಿತ್ತು. ೧೫೨೪ರಲ್ಲಿ ವ್ಯಾಪಾರ ಮತ್ತು ಬಡ್ಡಿಯನ್ನು ಕುರಿತು ಬರೆದ ಪುಸ್ತಿಕೆಯಲ್ಲಿ, ಕಲ್ಲಿಕೋಟೆ ಮತ್ತು ಇಂಡಿಯಾದಿಂದ ರೇಷ್ಮೆ, ಚಿನ್ನದ ಒಡವೆ, ಸಾಂಬಾರ ಜೀನಸು ತರುವ ವ್ಯಾಪಾರವು ದೇಶದ ಹಣವನ್ನು ಹೀರುತ್ತದೆಂದು ಅವನು ಕಟುವಾಗಿ ಟೀಕಿಸಿದನು. ಪ್ಲಿನಿಯ ಹಳೆಯ ಕೊರಗೇ ಮತ್ತೆ ಕೇಳಿಬಂದಿತು.

ಲೂಥರನು ಮಾಡಿದ ಮುಖ್ಯ ಕೆಲಸವೇನು? ಅವನು ಶಬ್ದಪ್ರಮಾಣವನ್ನು ಬಿಡಲಿಲ್ಲ. ಬೈಬಲ್ಲಿಗಿಂತ ದೊಡ್ಡ ಪ್ರಮಾಣ ಅವನಿಗೆ ಬೇರೊಂದಿಲ್ಲ. ಆದರೆ ಅದರ ಅರ್ಥವನ್ನು ಹೇಳುವ ಹಕ್ಕು ಪೋಪನೊಬ್ಬನದಲ್ಲ ಎಂದನು. ೧೫೨೧ರಲ್ಲಿ ವರ್ಮ್ಸ್ ಸಭೆಯಲ್ಲಿ ಚಕ್ರವರ್ತಿಯ ಮುಂದೆ ನಿಂತು, ಶ್ರುತಿಯಿಂದಲೋ ಸ್ಪಷ್ಟವಾದ ಯುಕ್ತಿಯಿಂದಲೋ ತನ್ನನ್ನು ಒಪ್ಪಿಸದ ಹೊರತು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅಂತಃಸಾಕ್ಷಿ ಬಿಡದೆಂದು ಹೇಳಿದನು. ಮರುವರ್ಷ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದನು. ಬಾಸೆಲ್ ನಗರದಲ್ಲಿ ಎರಾಸ್ಮಸ್ ಪಂಡಿತನು ೧೫೧೬ರಲ್ಲಿ ಅಚ್ಚು ಹಾಕಿಸಿದ್ದ ಗ್ರೀಕ್ ಮೂಲ ಇದಕ್ಕೆ ಒದಗಿತು. ದೇವರ ಮಾತು ದೇಶಭಾಷೆಗೆ ಬಂದಿತು. ಚಮ್ಮಾರನೂ ನೇಕಾರನೂ ಅದನ್ನು ಓದಿ ಚರ್ಚೆಮಾಡತೊಡಗಿದರು. ಒಂದು ಬೀಗ ಒಡೆದ ಮೇಲೆ ಉಳಿದ ಬೀಗಗಳೂ ಸಡಿಲವಾಗದೆ ಇರುತ್ತವೆಯೆ?

ಇದಕ್ಕೆ ಪ್ರತಿಯಾಗಿ ಕ್ಯಾಥೊಲಿಕ್ ಲೋಕವೂ ತನ್ನನ್ನು ತಿದ್ದಿಕೊಳ್ಳಲು, ಬಿಗಿಮಾಡಿಕೊಳ್ಳಲು ಟ್ರೆಂಟಿನ ಮಹಾಸಭೆಯನ್ನು (೧೫೪೫-೧೫೬೩) ನಡೆಸಿತು. ಅದರ ಎರಡು ಮುಖಗಳೂ ನಮ್ಮ ನೆರೆಯ ಗೋವೆಯಲ್ಲಿ ಕಂಡುಬಂದವು. ೧೫೫೬ರಲ್ಲಿ ಜೆಸೂಯಿಟರು ಭಾರತದ ಮೊದಲ ಮುದ್ರಣಯಂತ್ರವನ್ನು ಅಲ್ಲಿ ನಡೆಸಿದರು. ಅದರಲ್ಲಿ ಅಚ್ಚಾದ ಮೊದಲ ವಸ್ತು ವಿದ್ಯಾರ್ಥಿಗಳು ವಾದಕ್ಕೆ ಇಟ್ಟ ತತ್ತ್ವಶಾಸ್ತ್ರದ ಸೂತ್ರಗಳು! ಅರಿಸ್ಟಾಟಲನ ಪಾಠ ಹೀಗೆ ಕೊಂಕಣದಲ್ಲಿ ಅಚ್ಚಾಯಿತು. ೧೫೬೦ರಲ್ಲಿ ಅದೇ ಊರಿನಲ್ಲಿ ಮತವಿಚಾರಣೆಯ ನ್ಯಾಯಸ್ಥಾನವೂ ತೆರೆಯಿತು. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ ಅದು ೧೮೧೨ರವರೆಗೂ ನಡೆಯಿತು. ದೇವಾಲಯಗಳು ಬಿದ್ದು, ಮತಾಂತರದ ಒತ್ತಡ ಹೆಚ್ಚಿದಾಗ ಸಾರಸ್ವತರೂ ಇತರರೂ ತಮ್ಮ ಕುಲದೇವರನ್ನು ನೆನೆಯುತ್ತ ದಕ್ಷಿಣಕ್ಕೆ ಬಂದರು; ಕೊಂಕಣಿ ಮಾತಾಡುವ ಕ್ರೈಸ್ತರೂ ಕಾಲಕಾಲಕ್ಕೆ ಬಂದರು. ಕುಮಟೆ, ಹೊನ್ನಾವರ, ಭಟ್ಕಳಗಳ ಎಷ್ಟೋ ಮನೆತನಗಳ ಹಿರಿಯರ ಮಾತಿನಲ್ಲಿ ಗೋವೆ ಬಿಟ್ಟು ಬಂದ ಕಥೆ ಇದೆ. ಯೂರೋಪಿನ ಮತಕಲಹದ ಅಲೆ ಬಡಿದ ದಡ ಇದೂ ಹೌದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅದೇ ಗೋವೆಯಲ್ಲಿ ವೈದ್ಯ ಗಾರ್ಸಿಯ ಡ ಓರ್ತನಿದ್ದನು. ಟ್ರೆಂಟಿನ ಸಭೆ ಮುಗಿದ ೧೫೬೩ರಲ್ಲಿಯೇ ಅವನು ಭಾರತದ ಔಷಧಗಳನ್ನು ಕುರಿತ ಸಂವಾದಗ್ರಂಥವನ್ನು ಅಚ್ಚು ಹಾಕಿಸಿದನು. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸನು ಹಿಪ್ಪಲಿ ಮತ್ತು ಮೆಣಸು ಒಂದೇ ಗಿಡದವು ಎಂದು ಬರೆದಿದ್ದನು. ೧,೫೦೦ ವರ್ಷ ಯೂರೋಪಿನ ವೈದ್ಯರು ಅದನ್ನೇ ಓದಿ, ಅದನ್ನೇ ಕಲಿಸಿದರು. ಹಿಪ್ಪಲಿಯ ಬಳ್ಳಿ ಬೇರೆ, ಮೆಣಸಿನ ಬಳ್ಳಿ ಬೇರೆ ಎಂಬುದು ನಮ್ಮ ಅಡಿಕೆ ತೋಟದ ಆಳಿಗೂ, ಕಷಾಯ ಕುದಿಸುವ ಅಜ್ಜಿಗೂ ಗೊತ್ತಿದ್ದ ಸಂಗತಿ. ಓರ್ತನು ಗ್ರೀಕರನ್ನು ಮುಂದಿಟ್ಟು ತನ್ನನ್ನು ಹೆದರಿಸಬೇಡಿ, ತಾನು ಕಂಡದ್ದನ್ನೇ ಹೇಳುವೆನೆಂಬ ಧೋರಣೆಯಿಂದ ಈ ತಪ್ಪನ್ನು ತಿದ್ದಿದನು. ಪ್ರತ್ಯಕ್ಷವು ಜಗುಲಿಯಿಂದ ನಡುಮನೆಗೆ ಬಂದಿತು. ಓರ್ತನದು ಯೆಹೂದ್ಯ ಮೂಲದ ಮನೆತನ. ಅವನು ೧೫೬೮ರಲ್ಲಿ ತೀರಿಕೊಂಡನು; ಗುಟ್ಟಾಗಿ ಹಳೆಯ ಮತವನ್ನೇ ಪಾಲಿಸಿದನೆಂಬ ಆರೋಪದ ಮೇಲೆ ೧೫೮೦ರಲ್ಲಿ ಅವನ ಅಸ್ಥಿಯನ್ನು ಗೋರಿಯಿಂದ ಅಗೆದು ಸುಟ್ಟರು. ವಿಚಾರ ಬೆಳೆಯಿತು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಅದು ಬೆಳೆದ ನೆಲದಲ್ಲಿ ಇಂಥ ಬೂದಿಯೂ ಬೆರೆತಿದೆ. ಈ ದೋಷ ಒಂದೇ ಪಕ್ಷದ್ದೂ ಅಲ್ಲ. ಸುಧಾರಕ ಕ್ಯಾಲ್ವಿನನ ಜಿನೀವದಲ್ಲಿಯೂ ೧೫೫೩ರಲ್ಲಿ ಸರ್ವೀಟಸ್ ಎಂಬ ವಿದ್ವಾಂಸನನ್ನು ಮತಭೇದಕ್ಕಾಗಿ ಸುಟ್ಟರು.

ಪಶ್ಚಿಮದಲ್ಲಿ ದೇಶಭಾಷೆಗಳು ತಲೆಯೆತ್ತಿದ ಈ ಕಾಲದಲ್ಲಿ ನಮ್ಮವರು ಸುಮ್ಮನೆ ಕುಳಿತಿದ್ದರೆಂದು ತಿಳಿಯಬಾರದು. ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯ ಜೈನಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕನು ೧೬೦೪ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದನು. ೫೯೨ ಸಂಸ್ಕೃತ ಸೂತ್ರಗಳು, ಅವಕ್ಕೆ ವೃತ್ತಿ, ವ್ಯಾಖ್ಯಾನ. ವಿಷಯ ಮಾತ್ರ ಕನ್ನಡ. ಕನ್ನಡವು ಶಾಸ್ತ್ರಕ್ಕೆ ತಕ್ಕ ಭಾಷೆಯಲ್ಲವೆನ್ನುವವರಿಗೆ ಅವನು ಕನ್ನಡದಲ್ಲಿ ಹುಟ್ಟಿದ ಶಾಸ್ತ್ರಗ್ರಂಥಗಳನ್ನೇ ಎತ್ತಿ ತೋರಿಸಿದನು. ಲೂಥರನ ಹೆಸರನ್ನು ಅವನು ಕೇಳಿರಲಾರ. ಆದರೂ ಜನರ ನುಡಿಗೆ ಪಂಡಿತರ ಪಂಕ್ತಿಯಲ್ಲಿ ಎಲೆ ಹಾಕಬೇಕೆಂಬ ಹಂಬಲ ಇಬ್ಬರಲ್ಲಿಯೂ ಇತ್ತು.

ಐದು ವರ್ಷ ಕಳೆದ ಮೇಲೆ, ೧೬೦೯ರಲ್ಲಿ, ಹಾಲೆಂಡಿನ ಪ್ರಾಟೆಸ್ಟೆಂಟ್ ನ್ಯಾಯವಾದಿ ಹ್ಯೂಗೊ ಗ್ರೋಶಿಯಸನು ‘ಮುಕ್ತ ಸಮುದ್ರ’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಪೂರ್ವದೇಶದವರಿಗೆ ತಮ್ಮದೇ ಅರಸರೂ ತಮ್ಮದೇ ಕಾಯಿದೆಗಳೂ ಇವೆ. ಪೋಪನು ತನ್ನದಲ್ಲದ ನೆಲವನ್ನೂ ಕಡಲನ್ನೂ ಯಾರಿಗೂ ದಾನಕೊಡಲಾರ. ಸಮುದ್ರ ಎಲ್ಲರದು ಎಂಬುದು ಅವನ ವಾದ. ಅವನು ಆಧಾರಕ್ಕೆ ಹಿಡಿದವರಲ್ಲಿ ಸ್ಪೇನಿನ ಕ್ಯಾಥೊಲಿಕ್ ಸನ್ಯಾಸಿ ವಿಟೋರಿಯನೂ ಒಬ್ಬ ಎಂಬುದು ಗಮನಿಸತಕ್ಕ ಅಂಶ. ಭಟ್ಕಳದ ವರ್ತಕನು ರಹದಾರಿ ಚೀಟಿಗೆ ಕೈಯೊಡ್ಡಿ ನೂರು ವರ್ಷವಾದ ಮೇಲೆ, ಆ ಚೀಟಿ ನ್ಯಾಯವಲ್ಲವೆಂದು ಯೂರೋಪಿನ ಒಬ್ಬನು ಲ್ಯಾಟಿನ್ ಭಾಷೆಯಲ್ಲಿ ಸಾಧಿಸಿದನು. ಗ್ರೋಶಿಯಸನಿಗೆ ಬೇಕಾಗಿದ್ದುದು ಡಚ್ಚರ ವ್ಯಾಪಾರ; ಡಚ್ಚರು ಬಂದ ಮೇಲೆ ಅವರೂ ಏಕಸ್ವಾಮ್ಯವನ್ನೇ ನಡೆಸಿದರು. ಒಳ್ಳೆಯ ವಿಚಾರ ಸ್ವಾರ್ಥದ ಹಡಗಿನಲ್ಲಿಯೂ ಬರಬಹುದು. ಹಡಗು ಹೋದ ಮೇಲೂ ವಿಚಾರ ಉಳಿಯುತ್ತದೆ.

ಕೊನೆಯದಾಗಿ ಒಬ್ಬ ಅತಿಥಿಯನ್ನು ನೋಡೋಣ. ೧೬೨೩ರ ಅಕ್ಟೋಬರಿನಲ್ಲಿ, ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಹೊರಟ ಪೋರ್ತುಗೀಜ್ ರಾಯಭಾರಿಯ ಜೊತೆಯಲ್ಲಿ, ರೋಮಿನ ಶ್ರೀಮಂತ ಪಿಯೆತ್ರೊ ದೆಲ್ಲ ವಲ್ಲೆ ಹೊನ್ನಾವರದಲ್ಲಿ ಇಳಿದನು. ಗ್ರೀಕ್ ಲ್ಯಾಟಿನ್ ಬಲ್ಲವನು. ಅರಬ್ಬಿ, ತುರ್ಕಿ, ಪಾರಸಿ ಕಲಿತವನು. ಪರ್ಷಿಯದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟು ರೋಮಿಗೆ ಒಯ್ಯಲು ಜೋಪಾನ ಮಾಡುತ್ತಿದ್ದ ದುಃಖಿ. ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಗೆ ಸಾಗುವಾಗ, ಇಂಥ ಸುಂದರವಾದ ನದಿ ತಾನು ಕಂಡದ್ದು ಅಪರೂಪವೆಂದು ಬರೆದನು. ಪೋರ್ತುಗೀಜರು ‘ಮೆಣಸಿನ ರಾಣಿ’ಯೆಂದು ಕರೆಯುತ್ತಿದ್ದ ಗೇರುಸೊಪ್ಪೆಯ ರಾಣಿಯ ಪಟ್ಟಣ ಆಗಲೇ ಹಾಳುಬಿದ್ದು ಗಿಡಗಂಟಿ ಬೆಳೆದಿತ್ತು. ಅವಳ ಪತನಕ್ಕೆ ಅವನು ಒಂದು ಪ್ರೇಮಕಥೆಯನ್ನು ಕಾರಣವಾಗಿ ಹೇಳುತ್ತಾನೆ. ಅದು ಅವನು ಕೇಳಿದ್ದು, ಕಂಡದ್ದಲ್ಲ. ಅದನ್ನು ಹಾಗೆಯೇ ಎಣಿಸಬೇಕು.

ಕಂಡದ್ದನ್ನು ಬರೆದಾಗ ಮಾತ್ರ ಅವನಿಗೆ ಸಾಟಿಯಿಲ್ಲ. ಘಟ್ಟದ ಮೇಲೆ ಹನುಮಂತನ ಗುಡಿಯ ಜಗುಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಅವನು ನೋಡಿದನು. ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರವಿದ ನಯವಾದ ಮರಳಿನಲ್ಲಿ ಬೆರಳಿನಿಂದ ಅಂಕಿ ಬರೆಯುತ್ತಾನೆ. ಉಳಿದವರು ಹಾಗೆಯೇ ಹೇಳಿ, ಹಾಗೆಯೇ ಬ���ೆಯುತ್ತಾರೆ. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರವುತ್ತಾರೆ. ಗುರುವಿಲ್ಲದೆ ತಪ್ಪಿದರೆ ತಿದ್ದುವವರಾರು ಎಂದು ಅವನು ಕೇಳಿದನು. ನಾಲ್ವರಿಗೂ ಒಂದೇ ಕ್ಷಣದಲ್ಲಿ ಒಂದೇ ಕಡೆ ತೊಡಕುವುದು ಸಾಧ್ಯವಿಲ್ಲವೆಂದು ಹುಡುಗರು ಉತ್ತರ ಕೊಟ್ಟರು. ಸುಲಭವೂ ಭದ್ರವೂ ಆದ ಕ್ರಮವೆಂದು ಅವನು ಮೆಚ್ಚಿದನು. ಮುಂದಿನ ವರ್ಷ ಗೋವೆಯಲ್ಲಿ ಕುಳಿತು, ಟೈಕೊ ಬ್ರಾಹೆಯ ಹೊಸ ಖಗೋಳಸಿದ್ಧಾಂತವನ್ನು ತನ್ನ ಪರ್ಷಿಯದ ವಿದ್ವಾಂಸ ಮಿತ್ರನಿಗಾಗಿ ಪಾರಸಿಯಲ್ಲಿ ಬರೆದವನೂ ಇವನೇ. ಅರಬ್ಬಿಯಿಂದ ಯೂರೋಪು ಪಡೆದ ಸಾಲದ ಒಂದು ಚಿಕ್ಕ ಕಂತನ್ನು ಹಿಂದಿರುಗಿಸಿದಂತಾಯಿತು.

ಆ ನಾಲ್ವರು ಹುಡುಗರ ಉತ್ತರದಲ್ಲಿ ಈ ಎರಡು ಸಾವಿರ ವರ್ಷಗಳ ಪಾಠ ಅಡಗಿದೆಯೆಂದರೆ ಹೆಚ್ಚಲ್ಲ. ಅರಿಸ್ಟಾಟಲನೊಬ್ಬನನ್ನೇ, ಟಾಲೆಮಿಯೊಬ್ಬನನ್ನೇ, ಪೋಪನೊಬ್ಬನನ್ನೇ, ಕಡೆಗೆ ಲೂಥರನೊಬ್ಬನನ್ನೇ ಗುರುವೆಂದು ಒಪ್ಪಿ ಕಣ್ಣು ಮುಚ್ಚಿದಾಗಲೆಲ್ಲ ಪಶ್ಚಿಮದ ವಿಚಾರ ನಿಂತ ನೀರಾಯಿತು. ಗ್ರೀಕನ ತಪ್ಪನ್ನು ನಾವಿಕನು ತಿದ್ದಿದಾಗ, ಪಂಡಿತನ ಪುಸ್ತಕವನ್ನು ತೋಟದ ಬಳ್ಳಿ ತಿದ್ದಿದಾಗ, ಒಂದು ಮತದವನ ವಾದಕ್ಕೆ ಇನ್ನೊಂದು ಮತದವನ ಯುಕ್ತಿ ನೆರವಾದಾಗ ಅದು ಮತ್ತೆ ಹರಿಯಿತು. ಹೀಗೆ ತಿದ್ದಿದವರಲ್ಲಿ ಹೆಸರು ಉಳಿಯದ ನಮ್ಮ ಕರಾವಳಿಯ ಜನರೂ ಸೇರಿದ್ದಾರೆ. ಮತಸುಧಾರಣೆಯ ನೆಲೆಗಳಲ್ಲಿ ಒಂದಾದ ಅದೇ ಬಾಸೆಲ್ ನಗರದಿಂದ ೧೮೩೪ರಲ್ಲಿ ಮಿಷನರಿಗಳು ಮಂಗಳೂರಿಗೆ ಬಂದು, ಹೊನ್ನಾವರದಲ್ಲಿಯೂ ನೆಲಸಿದ್ದು, ಅವರಲ್ಲೊಬ್ಬನಾದ ಕಿಟೆಲನು ೧೮೯೪ರಲ್ಲಿ ನಮ್ಮ ಭಾಷೆಗೇ ಮಹಾಕೋಶವೊಂದನ್ನು ಕೊಟ್ಟದ್ದು ಈ ಕಥೆಯ ಮುಂದಿನ ಅಧ್ಯಾಯ; ಅದಕ್ಕೆ ಬೇರೆಯೇ ಒಂದು ಲೇಖನ ಬೇಕು. ಸದ್ಯಕ್ಕೆ ಇಷ್ಟು ನೆನಪಿಟ್ಟರೆ ಸಾಕು: ಪಶ್ಚಿಮದ ವಿಚಾರವೆಂಬುದು ನಮಗೆ ಸಂಬಂಧವಿಲ್ಲದ ಪರವೂರಿನ ಆಸ್ತಿಯಲ್ಲ. ಅದರ ಲೆಕ್ಕದಲ್ಲಿ ನಮ್ಮ ಊರುಗಳ ಅಕ್ಕಿಯೂ ಮೆಣಸೂ ಇವೆ, ಸುಟ್ಟ ಹಡಗುಗಳೂ ಇವೆ, ಮರಳಿನಲ್ಲಿ ಬರೆದ ಅಂಕಿಗಳೂ ಇವೆ. ಅದನ್ನು ಓದುವಾಗ ಅಂಜಿಕೆಯೂ ಬೇಡ, ತಾತ್ಸಾರವೂ ಬೇಡ. ಪಾಲುದಾರರು ಜಮಾಖರ್ಚಿನ ಪುಸ್ತಕ ನೋಡುವಂತೆ, ಬಂದದ್ದನ್ನೂ ಹೋದದ್ದನ್ನೂ ಎಣಿಸಿ ನೋಡಿದರೆ ಒಳ್ಳೆಯದು.